ತಗಡುಜ ಪ್ರಕರಣ

ಪ್ರಾಚೀನರು ಜೀವರಾಶಿಯನ್ನು ಜರಾಯುಜ, ಅಂಡಜ, ಸ್ವೇದಜ, ಉದ್ಭಿಜ್ಜ ಎಂದು ನಾಲ್ಕಾಗಿ ವಿಂಗಡಿಸಿದರು. ಅವರಲ್ಲಿ ಯಾರೂ ಮುಂಬೈಯ ಕುರ್ಲಾದ ಗುಜರಿ ಗಲ್ಲಿಗೆ ಕಾಲಿಡದ ಕಾರಣ ಐದನೆಯದು ಬಿಟ್ಟುಹೋಯಿತು: ತಗಡುಜ, ಅಂದರೆ ಗುಜರಿ ತಗಡಿನಿಂದ ಹುಟ್ಟುವ ಪ್ರಾಣಿಶಿಲ್ಪ. 1758ರಲ್ಲಿ ಪ್ರಾಣಿಗಳಿಗೆಲ್ಲ ಎರಡೆರಡು ಹೆಸರಿಟ್ಟ ಲಿನೇಯಸ್ ಪಂಡಿತನೂ ಈ ಲೋಪವನ್ನು ಗಮನಿಸಲಿಲ್ಲ. ಆ ಹೊರೆಯನ್ನು ಯಥಾಮತಿ ಹೊರುತ್ತಿದ್ದೇನೆ.

ಮೂಲಸೂತ್ರ ಒಂದೇ. ತಗಡುಜದ ಜಾತಿಯನ್ನು ನಿರ್ಣಯಿಸುವುದು ಮಾಡುವವನ ಸಂಕಲ್ಪವಲ್ಲ, ತಗಡಿನ ಪೂರ್ವಜನ್ಮ. ಗಣಪತಿ ಮಾಡಹೋಗಿ ಅವರಪ್ಪನನ್ನು ಮಾಡಿದವನನ್ನು ನಮ್ಮ ಗಾದೆ ಗೇಲಿ ಮಾಡುತ್ತದೆ. ಈ ಶಾಸ್ತ್ರದಲ್ಲಿ ಅದೇ ರಾಜಮಾರ್ಗ.

ಮೊದಲನೆಯದು ಡಬ್ಬಾಜ. ಉಡುಪಿ ಹೋಟೆಲುಗಳ ಅಡುಗೆಮನೆಯಲ್ಲಿ ಬರಿದಾದ 15 ಕಿಲೋ ಎಣ್ಣೆ ಡಬ್ಬಗಳು ಗುಜರಿ ಕೊಳ್ಳುವ ಭಂಗಾರ್‌ವಾಲಾನ ಕೈಗಾಡಿ ಏರಿದಲ್ಲಿಂದ ಇದರ ಗರ್ಭವಾಸ ಆರಂಭ. ತವರ ಲೇಪಿಸಿದ ತೆಳು ಉಕ್ಕು ಕೈಕತ್ತರಿಗೇ ಮಣಿಯುತ್ತದೆ, ನವಸಾಗರ ಉಜ್ಜಿದರೆ ಬೆಸುಗೆ ಹಿಡಿಯುತ್ತದೆ. ಹಾಗಾಗಿ ಗರಿ, ಹುರುಪೆ, ರೆಕ್ಕೆ ಇರುವುದೆಲ್ಲ ಇಲ್ಲೇ ಜನಿಸಬೇಕು: ನವಿಲು, ಮೀನು, ಹುಂಜ. ನವಿಲಿನ ಹೊಟ್ಟೆಯ ಮೇಲೆ ಎಣ್ಣೆ ಕಂಪನಿಯ ಸೂರ್ಯಕಾಂತಿ ಹೂ ಇಣುಕುವುದುಂಟು. ಕೆಲವರು ಅದನ್ನು ಬಣ್ಣ ಬಳಿದು ಮುಚ್ಚುತ್ತಾರೆ. ನನ್ನ ಮತದಲ್ಲಿ ಅದು ಕುಲಗೋತ್ರ ಮರೆಮಾಚಿದ ಅಪರಾಧ.

ಪೀಪಾಯಿಜಕ್ಕೆ 200 ಲೀಟರಿನ ಡ್ರಮ್ಮೇ ತಾಯಿ. ಹೊಟ್ಟೆ ಸಿದ್ಧವಾಗಿಯೇ ಬರುವುದರಿಂದ ಆನೆ, ಎಮ್ಮೆ, ನೀರಾನೆಗಳು ಇದರ ಸಂತಾನ. ತೆಳ್ಳಗಿನ ಜಿಂಕೆಯನ್ನು ಡ್ರಮ್ಮಿನಿಂದ ಮಾಡಿದವರನ್ನು ನಾನು ಕಂಡಿಲ್ಲ. ಮಾಡಿದರೆ ಅದು ಬಸುರಿ ಜಿಂಕೆಯೇ ಆದೀತು. ಈ ವರ್ಗದ ವೈಶಿಷ್ಟ್ಯವೆಂದರೆ ಪ್ರಾಣಿ ಹುಟ್ಟುವ ಮೊದಲೇ ಕೊಲ್ಲಬಲ್ಲದು. ದ್ರಾವಕವೋ ಎಣ್ಣೆಯೋ ತುಂಬಿದ್ದ ಖಾಲಿ ಡ್ರಮ್ಮಿನೊಳಗೆ ಆವಿ ಉಳಿದಿರುತ್ತದೆ. ಗ್ಯಾಸ್ ಕಟರ್ ತಾಗಿಸಿದರೆ ಢಮಾರ್. ತಿಳಿದವರು ಚೆನ್ನಾಗಿ ತೊಳೆದು, ಆವಿಗೆ ಎಡೆಯಿಲ್ಲದಂತೆ ನೀರು ತುಂಬಿ ಆಮೇಲೆ ಕೊಯ್ಯುತ್ತಾರೆ.

ಛಾವಣಿಜವೇ ನನಗೆ ಪ್ರಿಯ. ಮುಂಬೈಯಲ್ಲಿ ಪತ್ರಾ ಎಂದರೆ ಮನೆ, ಅಂಗಡಿ, ಶೌಚಾಲಯಗಳ ಆಕಾಶ. ಈ ಅಲೆಅಲೆ ತಗಡಿಗೆ ಲಂಡನ್ ಹಡಗುಕಟ್ಟೆಯ ಎಂಜಿನಿಯರ್ ಹೆನ್ರಿ ಪಾಮರ್ 1829ರಲ್ಲಿ ಪೇಟೆಂಟ್ ಪಡೆದ. ಮೊಸಳೆ, ಖಡ್ಗಮೃಗಗಳ ಬೆನ್ನನ್ನು ತಾನು ರೂಪಿಸುತ್ತಿದ್ದೇನೆಂಬ ಅರಿವು ಅವನಿಗೆ ಇದ್ದಂತಿಲ್ಲ. ಮಳೆಗೆ ಮುಂಚೆ, ಮೇ ತಿಂಗಳಲ್ಲಿ, ಜನ ತೂತುಬಿದ್ದ ಪತ್ರಾ ಬದಲಾಯಿಸುವಾಗ ಸರಕು ಯಥೇಚ್ಛ. ಆದರೆ ಮೈಗೆ ಸತುವಿನ ಲೇಪವಿದೆ. ಉಕ್ಕು ಕರಗುವುದು ಸುಮಾರು 1500 ಡಿಗ್ರಿಯಲ್ಲಿ, ಸತು 907ಕ್ಕೇ ಕುದಿದು ಆವಿಯಾಗುತ್ತದೆ. ವೆಲ್ಡಿಂಗ್ ಮಾಡಿದವನು ಬಿಳಿಹೊಗೆ ಕುಡಿದು ರಾತ್ರಿ ಚಳಿಜ್ವರದಲ್ಲಿ ನಡುಗುತ್ತಾನೆ. ಆದ್ದರಿಂದ ಉತ್ತಮ ಮೊಸಳೆಗೆ ರಿವೆಟ್ಟೇ ಶಾಸ್ತ್ರೋಕ್ತ; ರಿವೆಟ್ಟಿನ ತಲೆಗಳು ಚರ್ಮದ ಗಂಟುಗಳಾಗಿ ಮೆರೆಯುತ್ತವೆ ಕೂಡ.

ಯಂತ್ರಜದ ವಿಷಯದಲ್ಲಿ ಪಂಡಿತರಿಗೆ ಜಗಳ: ಗೇರು, ಚೈನು ತಗಡೇ? 2014ರ ಮೇಕ್ ಇನ್ ಇಂಡಿಯಾ ಸಿಂಹದ ಮೈತುಂಬ ಹಲ್ಲುಚಕ್ರಗಳಿದ್ದರೂ ಅದು ಹುಟ್ಟಿದ್ದು ಲಾಂಛನವಾಗಿ, ಚಿತ್ರಜ ಎನ್ನೋಣ. ಗುಜರಿಯಿಂದ ಶಿಲ್ಪ ಮಾಡಿ ಅದಕ್ಕೆ ‘ಸ್ಕ್ರಾಪ್ಚರ್’ ಎಂದು ಹೆಸರಿಟ್ಟ ಮುಂಬೈಯ ಅರ್ಜಾನ್ ಖಂಬಾಟಾ ಅವರದು ಪ್ರತ್ಯೇಕ ಗೋತ್ರ. ಅದೇ ಮುಂಬೈಯ ಕಾಲಾ ಘೋಡಾ ಬಡಾವಣೆಯ ಕುದುರೆ ಪ್ರತಿಮೆಗಳು ಇಲ್ಲಿ ಅಪ್ರಸ್ತುತ: ದೊರೆಯನ್ನು ಹೊತ್ತಿದ್ದ ಹಳೆಯದು 1965ರಲ್ಲಿ ಬೈಕುಲಾದ ಉದ್ಯಾನಕ್ಕೆ ಎತ್ತಂಗಡಿಯಾಯಿತು, 2017ರಲ್ಲಿ ಬಂದ ಹೊಸದಕ್ಕೆ ಸವಾರನೇ ಇಲ್ಲ, ಎರಡರ ವಂಶದಲ್ಲೂ ಗುಜರಿಯಿಲ್ಲ.

ಮಿಶ್ರಜಾತಿಗೆ ಫ್ಲೆಮಿಂಗೊ ಸಾಕ್ಷಿ. ಶಿವಡಿಯ ಕೆಸರಿಗೆ ಪ್ರತಿವರ್ಷ ವಲಸೆ ಬರುವ ಈ ಹಕ್ಕಿಯ ಮೈ ಡಬ್ಬ, ಕಾಲು ಮಾತ್ರ ಕಟ್ಟಡದ ಸರಳಿನ ತುಂಡು. ಮುಂಬೈಯಲ್ಲಿ ಸರಳಿನ ತುಂಡಿಗೆ ಬರವಿಲ್ಲ.

ಇನ್ನು ಕಾಗೆ. ನಗರದಲ್ಲಿ ಅದರಷ್ಟು ಎದ್ದು ಕಾಣುವ ಹಕ್ಕಿ ಇಲ್ಲ. ಸುಟ್ಟ ಡ್ರಮ್ಮಿನ ತಗಡು ಮೊದಲೇ ಕಪ್ಪು, ಬಣ್ಣದ ಖರ್ಚೂ ಇಲ್ಲ. ಆದರೂ ಅಂಗಡಿಗಳಲ್ಲಿ ಬರೀ ನವಿಲು, ಕುದುರೆ, ಸಿಂಹ. ಪಿತೃಪಕ್ಷದಲ್ಲಾದರೂ ಬಾಲ್ಕನಿಗೊಂದು ಖರ್ಚಾದೀತೆಂದು ಒಬ್ಬ ವ್ಯಾಪಾರಿಗೆ ಸೂಚಿಸಿದೆ. ತಕ್ಕಡಿಯಿಂದ ಕಣ್ಣೆತ್ತದೆ ಅವನು ಕೇಳಿದ: “ಪಿಂಡ ಮುಟ್ಟದ ಕಾಗೆ ಕಟ್ಟಿಕೊಂಡು ಏನು ಮಾಡೋದು ಶೇಠ್?”