ಕಲೆಯಿಲ್ಲದ ಮಂಡಿ

ನಮ್ಮ ತಲೆಮಾರಿನವರ ಮಂಡಿ ನೋಡಿದರೆ ಸಾಕು, ಬಾಲ್ಯವನ್ನೆಲ್ಲ ಓದಿಬಿಡಬಹುದು. ನನ್ನ ಬಲ ಮಂಡಿಯ ದೊಡ್ಡ ಕಲೆ ಬಾಡಿಗೆ ಸೈಕಲ್ಲಿನದು. ಒಳಪೆಡಲು ತುಳಿಯುತ್ತ ತಿಪ್ಪೆಗೆ ನುಗ್ಗಿದ್ದು. ಪಕ್ಕದ ಚಿಕ್ಕದು ಮಾವಿನಮರದ್ದು. ಅಪ್ಪ ಬೆನ್ನಿಗೆ ಬೆಂಡು ಕಟ್ಟಿ ಬಾವಿಗೆ ತಳ್ಳಿದ್ದಕ್ಕೆ ಮಾತ್ರ ಕಲೆ ಉಳಿದಿಲ್ಲ, ಈಜು ಉಳಿದಿದೆ. ಹತ್ತು ವರ್ಷದ ಮೊಮ್ಮಗನ ಮಂಡಿಯಲ್ಲಿ ಓದಲು ಏನೂ ಇಲ್ಲ.

ಇರುವುದಾದರೂ ಹೇಗೆ? ಅಪಾರ್ಟ್‌ಮೆಂಟಿನ ಆಟದ ಜಾಗಕ್ಕೆ ಮೆತ್ತನೆಯ ರಬ್ಬರ್ ಹಾಸಿದ್ದಾರೆ. ಅದರ ಮೇಲೂ ಹುಡುಗ ಹೆಲ್ಮೆಟ್ಟು, ಮೊಣಕೈಗೆ ಪ್ಯಾಡು, ಮಂಡಿಗೆ ಪ್ಯಾಡು ತೊಟ್ಟೇ ಇಳಿಯುತ್ತಾನೆ. ಕೈಯಲ್ಲಿ, ಎಲ್ಲಿದ್ದಾನೆಂದು ಅಪ್ಪನಿಗೆ ವರದಿ ಮಾಡುವ ವಾಚು. ಲಿಫ್ಟಿನಲ್ಲಿ ಸಿಗ್ನಲ್ ಹೋದರೆ ಆಫೀಸಿನಿಂದ ಮಗನ ಫೋನು: "ಅಪ್ಪಾ, ಪಾಪು ಎಲ್ಲಿ?" ಪಾಪು ನನ್ನ ಪಕ್ಕದಲ್ಲೇ, ಅವನ ಸ್ಕೂಲ್ ಬ್ಯಾಗು ನನ್ನ ಬೆನ್ನ ಮೇಲೆ. ಹೋಂವರ್ಕ್ ಏನೆಂದು ಮರೆತು ಬಂದರೂ ಗಾಬರಿಯಿಲ್ಲ. ತರಗತಿಯ ವಾಟ್ಸ್ಆಪ್ ಗುಂಪಿನಲ್ಲಿ ಅಪ್ಪ ಅಮ್ಮಂದಿರು ರಾತ್ರಿ ಹನ್ನೊಂದಕ್ಕೂ "ಯಾರಾದ್ರೂ ಆ ಪುಟದ ಫೋಟೋ ಹಾಕಿ, ಪ್ಲೀಸ್" ಎಂದು ಗೋಗರೆಯುತ್ತಿರುತ್ತಾರೆ. ಮರೆತವನು ಅಷ್ಟರಲ್ಲಿ ಗೊರಕೆ ಹೊಡೆಯುತ್ತಿರುತ್ತಾನೆ.

ನಾನೇನಾದರೂ ಅಂದರೆ ಮಗ ಮೊಬೈಲ್ ತೆಗೆದು ಯಾವುದೋ 'ಸ್ಟಡಿ' ತೋರಿಸುತ್ತಾನೆ. ಹಾಗಾಗಿ ನಾನೂ ಒಂದು ಸ್ಟಡಿ ಹುಡುಕಿಟ್ಟುಕೊಂಡೆ. ಅಲರ್ಜಿಯ ಅಪಾಯ ಹೆಚ್ಚಿರುವ ಕೂಸುಗಳಿಗೆ ಮೂರು ವರ್ಷದ ತನಕ ಕಡಲೆಕಾಯಿ ಕೊಡಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ 2000ದಲ್ಲಿ ಹೇಳಿತ್ತು. ಅಂಥದೇ 640 ಕೂಸುಗಳ ಮೇಲೆ ಲಂಡನ್ನಿನಲ್ಲಿ ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಐದು ವರ್ಷ ತುಂಬುವ ಹೊತ್ತಿಗೆ, ಕಡಲೆಕಾಯಿ ಸೋಕಿಸದೆ ಬೆಳೆಸಿದವರಲ್ಲಿ ನೂರಕ್ಕೆ 17 ಮಕ್ಕಳಿಗೆ ಅದರ ಅಲರ್ಜಿ. ಹಸುಗೂಸಾಗಿದ್ದಾಗಿನಿಂದ ತಿನ್ನಿಸಿದವರಲ್ಲಿ ಬರೀ 3. ಕಾಪಾಡಿದ್ದೇ ಕಾಡಿತು! ಮಗ ಗಂಭೀರವಾಗಿ ಕೇಳಿಸಿಕೊಂಡು, "ಅದು ಕಡಲೆಕಾಯಿ ವಿಷಯ ಅಪ್ಪಾ" ಎಂದ.

ತಪ್ಪಿನ ಬೆಲೆ ಬೆಂಗಳೂರಿನ ಸೈಟಿನ ಹಾಗೆ, ಬೇಗ ಕೊಂಡಷ್ಟೂ ಅಗ್ಗ. ಮೊನ್ನೆ ಸೊಸೆ ಮೀಟಿಂಗಿನಲ್ಲಿದ್ದಾಗ ಹುಡುಗನ ಕೈಗೆ ದುಡ್ಡು ಕೊಟ್ಟು, ಗೇಟಿನ ಪಕ್ಕದ ಅಂಗಡಿಯಿಂದ ಉದ್ದಿನಬೇಳೆ ತರಲು ಕಳಿಸಿದೆ. ಹೆಸರುಬೇಳೆ ತಂದ. ಚಿಲ್ಲರೆ ಬದಲು ಅಂಗಡಿಯವನು ಚಾಕಲೇಟು ಕೊಟ್ಟಿದ್ದ. ಅದು ದಾರಿಯಲ್ಲೇ ಖರ್ಚಾಗಿತ್ತು. "ಒಬ್ನೇ ಹೋಗಿದ್ನಾ ಮಾವ!" ಎಂದು ಸೊಸೆ ಬೇಳೆಯನ್ನು ಬಿಟ್ಟು ಅವನನ್ನೇ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಮರುದಿನ ಇಡ್ಲಿಯ ಜಾಗದಲ್ಲಿ ಹೆಸರುಬೇಳೆ ದೋಸೆಯಾಯಿತು. ಮುಂದಿನ ಸಲ ಹುಡುಗ ಪೊಟ್ಟಣ ಬಿಚ್ಚಿಸಿ ನೋಡಿ, ಚಿಲ್ಲರೆಗೆ ಜಗಳವಾಡಿ ತಂದ. ಅವನಪ್ಪ ಇಂದಿಗೂ ಅಂಗಡಿಯಿಂದ ಬೇಳೆಯ ಫೋಟೋ ಕಳಿಸಿ "ಇದೇನಾ?" ಎಂದು ಹೆಂಡತಿಯನ್ನು ಕೇಳುತ್ತಾನೆ. ಮಗ ಚಿಕ್ಕವನಿದ್ದಾಗ ಅವನನ್ನು ಅಂಗಡಿಗೆ ಕಳಿಸಲು ನನ್ನಾಕೆ ಬಿಡುತ್ತಿರಲಿಲ್ಲ. ಆ ವಿಷಯ ಮನೆಯಲ್ಲಿ ಎತ್ತುವಂತಿಲ್ಲ.

ಮೇಲಿನ ಮನೆಯ ಹುಡುಗ ಸಿಇಟಿ ಬರೆದ. ಕೋರ್ಸು, ಕಾಲೇಜುಗಳ ಆಯ್ಕೆಯನ್ನು ಆನ್‌ಲೈನಿನಲ್ಲಿ ತುಂಬುವ ದಿನ ಹೋದರೆ, ಲ್ಯಾಪ್‌ಟಾಪಿನ ಮುಂದೆ ಅಪ್ಪ, ಪಟ್ಟಿ ಹಿಡಿದು ಅಮ್ಮ, ಫೋನಿನಲ್ಲಿ ಸೋದರಮಾವ. ಅಭ್ಯರ್ಥಿ ಎಲ್ಲರಿಗೂ ಕಾಫಿ ತಂದುಕೊಟ್ಟ.

"ನೀನೇನು ಓದಬೇಕು ಅಂತಿದ್ದೀಯಪ್ಪ?" ಎಂದು ಕೇಳಿದೆ.

"ಅಪ್ಪ ಇನ್ನೂ ಹೇಳಿಲ್ಲ ತಾತ" ಎಂದ.

ಕಾಫಿ ಚೆನ್ನಾಗಿತ್ತು. ಅದನ್ನು ಅವನೇ ಮಾಡಿದ್ದನಂತೆ.