ಸ್ಲೈಡು ಪಿಡಿಎಫ್ ಆಗುವ ಬಗೆ: ಹೆಮ್ಮಿಗೆಯ ಒತ್ತಕ್ಷರವನ್ನು ಮುಂದಿಟ್ಟುಕೊಂಡು ಒಂದು ಮೀಮಾಂಸೆ

ಸ್ಲೈಡು ಜಂಗಮ, ಪಿಡಿಎಫ್ ಸ್ಥಾವರ. ಮೊದಲನೆಯದು ಮಿಂಚುತ್ತದೆ, ಗಿರಕಿ ಹೊಡೆಯುತ್ತದೆ, ಎಡಗಡೆಯಿಂದ ಹಾರಿಬಂದು ನಟ್ಟನಡುವೆ ನಿಲ್ಲುತ್ತದೆ. ಎರಡನೆಯದು ಕೂತಲ್ಲಿಂದ ಏಳುವುದಿಲ್ಲ. ಯಾವ ತಂತ್ರಾಂಶವನ್ನೂ ಇಳಿಸಿಕೊಳ್ಳದೆ, ಬ್ರೌಸರಿನಲ್ಲೇ ಜಂಗಮವನ್ನು ಸ್ಥಾವರವಾಗಿಸುವ ಈ ಕರ್ಮಕ್ಕೆ ಪಂಡಿತರು ಇನ್ನೂ ಭಾಷ್ಯ ಬರೆದಿಲ್ಲ. ತಿ. ನರಸೀಪುರದಂಥ ಊರುಗಳ ಜೆರಾಕ್ಸ್ ಅಂಗಡಿಗಳಲ್ಲಿ ಮಾತ್ರ ಅದು ಗುರುಮುಖೇನ ಉಳಿದುಬಂದಿದೆ. ‘ಪಿಪಿಟಿ ಬೇಡ, ಪಿಡಿಎಫ್ ಮಾಡಿ ವಾಟ್ಸಾಪ್ ಮಾಡಿ’ ಎಂಬುದು ಅದರ ಮೂಲಸೂತ್ರ.

ಪವರ್‌ಪಾಯಿಂಟ್ 1987ರಲ್ಲಿ ಮ್ಯಾಕಿಂಟೋಷ್ ಗಣಕದ ಮೇಲೆ ಅವತರಿಸಿತು. ಅದನ್ನು ಹೆತ್ತ ಫೋರ್‌ಥಾಟ್ ಕಂಪನಿಯನ್ನು ಮೈಕ್ರೋಸಾಫ್ಟ್ ಅದೇ ವರ್ಷ ಕೊಂಡುಕೊಂಡಿತು. ಪಿಡಿಎಫ್ 1993ರಲ್ಲಿ ಅಡೋಬಿ ಮನೆಯಲ್ಲಿ ಹುಟ್ಟಿ, 2008ರಲ್ಲಿ ಐಎಸ್‌ಒ ಮಾನಕದ ಪಟ್ಟವೇರಿತು. ಯಾವ ಯಂತ್ರದಲ್ಲಿ ತೆರೆದರೂ ಪುಟ ಒಂದೇ ರೂಪದಲ್ಲಿ ಕಾಣಬೇಕೆಂಬುದು ಅದರ ವ್ರತ. ತಲಕಾಡಿನ ಗಂಗರ ನಾಡಿನವರಿಗೆ ಈ ವ್ರತ ಹೊಸದಲ್ಲ. ತಾಮ್ರಪಟದ ಅಕ್ಷರ ಯಾರ ಕೈಯಲ್ಲೂ ಜಾಗ ಬದಲಿಸಿದ್ದಿಲ್ಲ. ಆದರೆ ಸ್ಥಾವರವಾದದ್ದೆಲ್ಲ ಸತ್ಯವೆಂದೂ ಅಲ್ಲ. ಶಾಸನತಜ್ಞ ಬಿ. ಎಲ್. ರೈಸ್ 1894ರಲ್ಲಿ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಗಂಗರ ಹಲವು ತಾಮ್ರಪಟಗಳು ಕೂಟಶಾಸನಗಳೆಂದು, ಅಂದರೆ ನಕಲಿಗಳೆಂದು, ಇನ್ನೊಬ್ಬ ಶಾಸನತಜ್ಞ ಜೆ. ಎಫ್. ಫ್ಲೀಟ್ ತಕರಾರು ತೆಗೆದರು. ಪಿಡಿಎಫ್ ಮಾಡಿದ ಮೇಲೆ ತಿದ್ದಲಾಗದು ಎಂದು ನಂಬುವ ಗುಮಾಸ್ತರು ಫ್ಲೀಟರನ್ನು ಓದಿದವರಲ್ಲ.

ಈ ಶಾಸ್ತ್ರದಲ್ಲಿ ಮೂರು ಮತಗಳಿವೆ. ದ್ವೈತಿಗಳು ಕಡತವನ್ನು ದೂರದ ಸರ್ವರಿಗೆ ಏರಿಸಿ, ಅದು ಕೊಟ್ಟ ಪ್ರಸಾದವನ್ನು ಇಳಿಸಿಕೊಳ್ಳುತ್ತಾರೆ. ಮೂಲಪ್ರತಿ ಅಲ್ಲಿ ಎಷ್ಟು ದಿನ ಉಳಿಯುತ್ತದೆಂದು ಕೇಳುವುದು ಅವರಲ್ಲಿ ಭಕ್ತಿಗೆ ಕುಂದು. ಅದ್ವೈತಿಗಳಿಗೆ ಕಡತವೂ ಪರಿವರ್ತಕವೂ ಒಂದೇ ಯಂತ್ರದೊಳಗಿರಬೇಕು. ಪಿಪಿಟಿಎಕ್ಸ್ ಎಂಬುದು ನಿಜದಲ್ಲಿ ಒಂದು ಜಿಪ್ ಗಂಟು. ಬ್ರೌಸರಿನ ಜಾವಾಸ್ಕ್ರಿಪ್ಟ್ ಅದನ್ನು ಬಿಚ್ಚಿ, ಒಳಗಿನ ಎಕ್ಸ್‌ಎಂಎಲ್ ಓದಿ, ಪುಟ ಕಟ್ಟಬಲ್ಲದು. ಎದುರಿಗಿರುವವರು ನಿಜವಾದ ಅದ್ವೈತಿಗಳೇ ಎಂದು ತಿಳಿಯಲು ಪುಟ ಪೂರ್ತಿ ತೆರೆದ ಮೇಲೆ ನೆಟ್ ಆಫ್ ಮಾಡಿದರೆ ಸಾಕು. ಆಮೇಲೂ ಪಿಡಿಎಫ್ ಬಂದರೆ ಕಡತ ಮನೆ ಬಿಟ್ಟು ಹೋಗಿಲ್ಲ. ಮೂರನೆಯವರು ಗೂಗಲ್ ಸ್ಲೈಡ್ಸ್‌ನಲ್ಲಿ ತೆರೆದು ಡೌನ್‌ಲೋಡ್ ಒತ್ತುವವರು. ಇವರ ಬಗ್ಗೆ ಹೇಳುವಂಥದ್ದೇನಿಲ್ಲ, ಕೆಲಸವಾಗುತ್ತದೆ.

ಮೂರೂ ಮತಗಳ ನಿಜವಾದ ಅಗ್ನಿಪರೀಕ್ಷೆ ಒತ್ತಕ್ಷರ. ತಲಕಾಡಿನ ಬಳಿಯ ಹೆಮ್ಮಿಗೆಯ ವಿದ್ಯಾರ್ಥಿಯೊಬ್ಬ ‘ಹೆಮ್ಮಿಗೆಯ ಭತ್ತದ ಕೃಷಿ’ ಎಂಬ ಸ್ಲೈಡು ತಂದನೆಂದು ಇಟ್ಟುಕೊಳ್ಳಬಹುದು. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿದೆ ನಿಜ. ಆದರೆ ಅದು ಕೊಟ್ಟದ್ದು ಮ, ಹಲಂತ, ಮತ್ತೊಂದು ಮ. ಇವನ್ನು ಕೂಡಿಸಿ ಎರಡನೆಯ ಮಕಾರವನ್ನು ಕೆಳಗಿಳಿಸುವ ಹೊಣೆ ಬೇರೊಂದು ತಂತ್ರಾಂಶಭಾಗದ್ದು. ಅಗ್ಗದ ಪರಿವರ್ತಕಗಳಲ್ಲಿ ಅದು ಇರುವುದಿಲ್ಲ. ಆಗ ಊರು ‘ಹೆಮ್‌ಮಿಗೆ’, ಬೆಳೆ ‘ಭತ್‌ತ’. ಊರಿನವರಿಗೇ ಊರಿನ ಗುರುತು ಸಿಗುವುದಿಲ್ಲ. ಸ್ಲೈಡು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿದ್ದರೆ ಅನಾಹುತ ಇನ್ನೂ ವೈಭವದ್ದು: ಫಾಂಟು ಕಾಣದ ಬ್ರೌಸರು ಭತ್ತದ ಗದ್ದೆಯಲ್ಲಿ ಟೋಪಿ ಹಾಕಿದ ರೋಮನ್ ಅಕ್ಷರಗಳನ್ನು ನಾಟಿ ಮಾಡುತ್ತದೆ. ಮೊದಲು ಯೂನಿಕೋಡಿಗೆ ಬದಲಿಸಿ, ಫಾಂಟನ್ನು ಪಿಡಿಎಫ್‌ನೊಳಗೇ ಅಡಕಗೊಳಿಸುವುದು ಇದಕ್ಕೆ ಪರಿಹಾರ. ಕೆಲವು ಪರಿವರ್ತಕಗಳು ಜಾಣತನದಿಂದ ಇಡೀ ಸ್ಲೈಡನ್ನು ಚಿತ್ರವಾಗಿಸುತ್ತವೆ. ಒತ್ತು ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ; ‘ಹೆಮ್ಮಿಗೆ’ ಎಂದು ಹುಡುಕಿದರೆ ಮಾತ್ರ ಕಡತದಲ್ಲಿ ಅಂಥ ಊರೇ ಇಲ್ಲ.

ಅನಿಮೇಶನ್ನು, ಹಾಡು, ವಿಡಿಯೊಗಳು ಈ ಸಂಸ್ಕಾರದಲ್ಲಿ ಸಾಮಾನ್ಯವಾಗಿ ಮುಕ್ತಿ ಪಡೆಯುತ್ತವೆ. ಅದಕ್ಕಾಗಿ ಅತ್ತವರು ಕಡಿಮೆ. ಬಿಟ್ಟಿ ಪರಿವರ್ತಕಗಳು ಪುಟದ ಬುಡದಲ್ಲಿ ಬಿಡುವ ವಾಟರ್‌ಮಾರ್ಕು ಶಾಸನದ ಕೊನೆಯ ಶಾಪಾಶಯದ ವಂಶದ್ದು. ದಾನಕ್ಕೆ ಅಳುಪಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ಬರುತ್ತಿತ್ತು, ಇಲ್ಲಿ ಚಂದಾ ಕಟ್ಟಿದರೆ ಶಾಪ ಅಳಿಯುತ್ತದೆ.

ಕಡೆಯ ಘಟ್ಟ ಮುದ್ರಣ. ಅಂಗಡಿಯವನು ಕಾಗದ ಉಳಿಸಲು ಹಾಳೆಗೆ ನಾಲ್ಕು ಸ್ಲೈಡು ಕೂರಿಸಿ, ಕಪ್ಪು-ಬಿಳುಪಿನಲ್ಲಿ ಬಿಡುತ್ತಾನೆ. ಕಡುನೀಲಿ ಹಿನ್ನೆಲೆ ಟೋನರನ್ನೆಲ್ಲ ಕುಡಿದು ಕಪ್ಪಾಗುತ್ತದೆ. ಅದರ ಮೇಲಿನ ಕೆಂಪು ಅಕ್ಷರವೂ ಕಪ್ಪೇ. ಹಾಗಾಗಿ ಹಿನ್ನೆಲೆಯನ್ನು ಪಿಪಿಟಿಯಲ್ಲಿರುವಾಗಲೇ ಬಿಳಿ ಮಾಡಿಕೊಳ್ಳತಕ್ಕದ್ದು.