ಸಕುಟುಂಬ ದ್ವೀಪವಾಸ: ಬಿಳಿಚೋಡು ನೆಲೆಯಿಂದ ಒಂದು ಬೆನ್ನುಚೀಲ ಮೀಮಾಂಸೆ

ಬೆನ್ನಿಗೊಂದು ಚೀಲ, ಕಂಕುಳಲ್ಲೊಂದು ಮಗು, ಮೂರು ದಿನದ ಮಟ್ಟಿಗೆ ಸುತ್ತಲೂ ಸಮುದ್ರ. ಇಷ್ಟು ಕೂಡಿಬಂದರೆ ಮನುಷ್ಯನಿಗೆ ಆತ್ಮಸಾಕ್ಷಾತ್ಕಾರವಾಗುತ್ತದೆ ಎಂಬುದು ಈಚಿನ ಪ್ರವಾಸಕಥನಕಾರರ ಸರ್ವಸಮ್ಮತ ಸಿದ್ಧಾಂತ. ಈ ಸ್ಥಿತಿಯನ್ನು ಪ್ರಸ್ತುತ ಪ್ರಬಂಧವು ‘ಸಕುಟುಂಬ-ಹ್ರಸ್ವ-ಉಷ್ಣವಲಯ-ದ್ವೀಪವಾಸ-ಪ್ರಜ್ಞೆ’ ಎಂದು ನಿರ್ವಚಿಸಿ, ಮುಂದೆ ‘ಸಹ್ರಉದ್ವಾಪ್ರ’ ಎಂದು ಸಂಕ್ಷೇಪಿಸುತ್ತದೆ. ಇದನ್ನು ಉಚ್ಚರಿಸಲಾಗದವರು ಯಾವ ವಿಚಾರ ಸಂಕಿರಣದ ಎರಡನೇ ಗೋಷ್ಠಿಗೂ ಅರ್ಹರಲ್ಲ. ಅಧ್ಯಯನದ ನೆಲೆಯಾಗಿ ಜಗಳೂರು ತಾಲ್ಲೂಕಿನ ಬಿಳಿಚೋಡನ್ನೇ ಆರಿಸಿದ್ದೇಕೆಂದರೆ, ಸಮುದ್ರದಿಂದ ಇಷ್ಟು ದೂರ ನಿಂತಾಗ ಮಾತ್ರ ವಸ್ತುನಿಷ್ಠತೆ ಒದ್ದೆಯಾಗದೆ ಉಳಿಯುತ್ತದೆ.

ದ್ವೀಪವಾಸಿಗಳಲ್ಲಿ ಐದು ಪ್ರಭೇದಗಳಿವೆ. ಮೊದಲನೆಯದು ‘ದಿನಮಾತ್ರವಾಸಿ’. ಇದರ ನೆಲೆ ಮಲ್ಪೆಯಾಚೆಯ ಸೇಂಟ್ ಮೇರೀಸ್. ಅಲ್ಲಿ ರಾತ್ರಿ ತಂಗುವಂತಿಲ್ಲ, ಮಳೆಗಾಲದಲ್ಲಿ ದೋಣಿಯೇ ಇಲ್ಲ. ಆದ್ದರಿಂದ ಸಾಕ್ಷಾತ್ಕಾರವನ್ನು ಸಂಜೆಯ ಕೊನೆಯ ದೋಣಿಯೊಳಗೆ ಮುಗಿಸಿಕೊಳ್ಳಬೇಕು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದನೆಂಬ ಪ್ರತೀತಿಯಿದೆ. ಅವನೂ ಹೆಚ್ಚು ಹೊತ್ತು ನಿಂತಂತಿಲ್ಲ. ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದ, ಸುಮಾರು 8.8 ಕೋಟಿ ವರ್ಷ ಹಳೆಯ ಲಾವಾ ಕಂಬಗಳು ಅಲ್ಲಿವೆ. ಕಥನಕಾರರ ಚಿತ್ರಗಳಲ್ಲಿ ಕಂಬಗಳು ಮಸುಕು, ತಂಪುಕನ್ನಡಕ ಸ್ಪಷ್ಟ. ಎರಡನೆಯದು ‘ಪರವಾನಗಿಜೀವಿ’, ಲಕ್ಷದ್ವೀಪದ್ದು. ಮೂರನೆಯದು ‘ನಾಮಾಂತರವಾಸಿ’: ಅಂಡಮಾನಿನ ಹ್ಯಾವ್‌ಲಾಕ್ 2018ರಲ್ಲೇ ಸ್ವರಾಜ್ ದ್ವೀಪವಾಗಿದ್ದರೂ ಹಳೆಯ ಹೆಸರಲ್ಲೇ ಈಜುವವನು. ನಾಲ್ಕು ಮತ್ತು ಐದಕ್ಕೆ ಚೀಲದ ಬಣ್ಣ ಬಿಟ್ಟರೆ ಬೇರೆ ವ್ಯತ್ಯಾಸ ಕಾಣುತ್ತಿಲ್ಲ. ಈ ವರ್ಗೀಕರಣವನ್ನು ಇಲ್ಲಿಗೇ ಕೈಬಿಡಲಾಗಿದೆ.

ಮುಖ್ಯ ವಾದಕ್ಕೆ ಬರೋಣ. ಸಹ್ರಉದ್ವಾಪ್ರ ಉಂಟಾಗಲು ಕಥನಕಾರರು ವಿಧಿಸುವ ಲಕ್ಷಣಗಳು ಇವು: ಹೊರೆ ಕಡಿಮೆಯಿರಬೇಕು, ನಿತ್ಯದ ಜಾಡು ತಪ್ಪಬೇಕು, ಅಪರಿಚಿತರ ಸೂರಿನಡಿ ಮಲಗಬೇಕು, ಸಿಕ್ಕಿದ್ದನ್ನು ಉಣ್ಣಬೇಕು, ಒಂದೇ ಕೋಣೆಯಲ್ಲಿ ಇಡೀ ಸಂಸಾರ ಪರಸ್ಪರರನ್ನು ಹೊಸದಾಗಿ ಅರಿಯಬೇಕು. ಈ ಒರೆಗಲ್ಲಿಗೆ ಜಗಳೂರು ಸೀಮೆಯಿಂದ ಕಾಫಿ ಹಣ್ಣಿನ ಕಾಲಕ್ಕೆ ಮಲೆನಾಡಿಗೆ ಗುಳೆ ಹೋಗುವ ಸಂಸಾರವನ್ನು ಹಚ್ಚಿ ನೋಡಬೇಕು. ಹೊರೆ: ಒಂದು ಗೋಣಿಚೀಲ, ಪಾತ್ರೆಯ ಗಂಟು, ಎರಡು ಕಂಬಳಿ. ಸೂರು: ತೋಟದ ಲೈನ್ ಮನೆಯ ಒಂದು ಕೋಣೆ. ಪರಸ್ಪರ ಅರಿಯುವುದಕ್ಕಂತೂ ಅಲ್ಲಿ ಬೇರೆ ದಾರಿಯೇ ಇಲ್ಲ. ಎಲ್ಲ ಲಕ್ಷಣಗಳಲ್ಲೂ ಈ ಸಂಸಾರಕ್ಕೆ ಪೂರ್ಣಾಂಕ. ಹೀಗಿದ್ದೂ ಇವರ ಬಗ್ಗೆ ಬಣ್ಣದ ಪುರವಣಿ ಬರಲಿಲ್ಲ. ಸಿದ್ಧಾಂತ ನಿಜವಾಗಿದ್ದರೆ ಬಿಳಿಚೋಡು ಹೋಬಳಿಯಲ್ಲಿ ಮನೆಗೊಬ್ಬ ಋಷಿ ಇರಬೇಕಿತ್ತು.

ಆಕ್ಷೇಪಗಳಿವೆ. ದ್ವೀಪಕ್ಕೆ ಸುತ್ತ ನೀರಿರಬೇಕಲ್ಲವೇ ಎಂಬುದು ಮೊದಲನೆಯದು. ನೀರಿರಬೇಕು, ಆದರೆ ಸಮುದ್ರದ ನೀರು ಕುಡಿಯಲು ಬಾರದು. ಸುತ್ತಲೂ ಇದ್ದು ಬಾಯಿಗೆ ಬಾರದ ನೀರಿನ ಅನುಭವ ಜಗಳೂರಿಗಿರುವಷ್ಟು ಯಾವ ದ್ವೀಪಕ್ಕೂ ಇಲ್ಲ: ಅದೇ ಜಿಲ್ಲೆಯ ಚನ್ನಗಿರಿಯಲ್ಲಿ ಸೂಳೆಕೆರೆ, ಹೊನ್ನಾಳಿಯಲ್ಲಿ ತುಂಗಭದ್ರೆ, ನಾಲೆಯಂಚಿಗೆ ಅಡಿಕೆ ತೋಟ. ಎರಡನೆಯ ಆಕ್ಷೇಪ ಗಟ್ಟಿಯಾದದ್ದು: ಪ್ರವಾಸಿ ಇಷ್ಟಪಟ್ಟು ಹೋಗುತ್ತಾನೆ, ಗುಳೆಯವನು ಹೊಟ್ಟೆಗಾಗಿ. ಒಪ್ಪಬೇಕಾದ ಮಾತೇ. ಆದರೆ ಒಪ್ಪಿದೊಡನೆ ಸಿದ್ಧಾಂತದ ಬುಡ ಅಲ್ಲಾಡುತ್ತದೆ. ಆಗ ಸಾಕ್ಷಾತ್ಕಾರ ಕೊಡುವುದು ಬೆನ್ನಿನ ಚೀಲವೂ ಅಲ್ಲ, ಅಪರಿಚಿತ ಸೂರೂ ಅಲ್ಲ. ಊರಲ್ಲಿ ಬೀಗ ಹಾಕಿಟ್ಟ ಭದ್ರ ಮನೆ ಮತ್ತು ಮೊದಲೇ ಕಾದಿರಿಸಿದ ಮರಳುವ ಟಿಕೆಟ್ಟು. ಹಾಗೆಂದು ಬರೆದ ಒಬ್ಬ ಕಥನಕಾರನೂ ಕಾಣಸಿಗುವುದಿಲ್ಲ.

ಮೂರನೆಯ ಆಕ್ಷೇಪ, ಬಡವರ ಕಷ್ಟವನ್ನು ಪ್ರವಾಸದ ಪಕ್ಕ ಇಡುವುದು ಅಸಭ್ಯವೆಂಬುದು. ಆ ಅಸಭ್ಯತೆಯನ್ನು ಆರಂಭಿಸಿದವರಾರು? ಮೂರು ದಿನದ ರಜೆಯನ್ನು ‘ಅಲೆಮಾರಿತನ’ ಎಂದವರು, ಬಿಸಿನೀರು ಬಾರದ ಸ್ನಾನದ ಮನೆಯನ್ನು ‘ತ್ಯಾಗ’ ಎಂದವರು, ಮಗು ಮೊಬೈಲಿಲ್ಲದೆ ಕಳೆದ ಒಂದು ಸಂಜೆಯನ್ನು ‘ಬದುಕಿನ ಪಾಠಶಾಲೆ’ ಎಂದವರು. ಗುಳೆ ಹೋದ ಸಂಸಾರದ ಮಗುವಿಗೆ ತಪ್ಪುವುದು ನಿಜವಾದ ಪಾಠಶಾಲೆ. ಹಾಜರಿ ಪುಸ್ತಕದಲ್ಲಿ ಗೈರು ಬೀಳುತ್ತದೆ, ಮಾರ್ಚಿನಲ್ಲಿ ವಾಪಸು ಬಂದಾಗ ಪರೀಕ್ಷೆ ಎದುರಿಗಿರುತ್ತದೆ. ಮನೆಯಲ್ಲಿ ಉಳಿದ ಮುದುಕಿಗೆ ಟ್ಯಾಂಕರ್ ಎಂದು ಬಂದೀತೆಂಬ ಕಾಯುವಿಕೆ. ಇದಕ್ಕೆ ಸಂಕ್ಷೇಪಾಕ್ಷರ ಬೇಕಿಲ್ಲ, ಈ ಪ್ರಬಂಧದ ಪರಿಭಾಷೆಯೂ ಇಲ್ಲಿ ಉಪಯೋಗಕ್ಕೆ ಬಾರದು.

ಗುಳೆಯ ಬೇರು ಬರದಲ್ಲಿದೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಲಾಯಿತು. ಅದೇ ವರ್ಷ ಫೆಬ್ರುವರಿ 1ರ ಕೇಂದ್ರ ಬಜೆಟ್ಟಿನಲ್ಲಿ ಜಗಳೂರಿಗೂ ನೀರು ತರಬೇಕಾದ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಆಮೇಲೆ ಆ ಹಣ ಎಲ್ಲಿ ಎಂದು ರಾಜ್ಯ ಕೇಳಿದ್ದೇ ಕೇಳಿದ್ದು. ಹರಿಹರ ತಾಲ್ಲೂಕಿನ ದೀಟೂರು ಬಳಿ ತುಂಗಭದ್ರೆಯಿಂದ ನೀರೆತ್ತಿ ಜಗಳೂರಿನ 57 ಕೆರೆ ತುಂಬಿಸುವ ಯೋಜನೆಯೂ ಜನ ಕೇಳಿದ ಮೇಲೆ ಬಂದದ್ದೇ ಹೊರತು ಯಾರ ಸಾಕ್ಷಾತ್ಕಾರದಿಂದಲೂ ಅಲ್ಲ. ಕೆರೆಯಲ್ಲಿ ನೀರು ನಿಂತರೆ ಕೊಳವೆಬಾವಿ ಮೇಲೇಳುತ್ತದೆ, ಮೆಕ್ಕೆಜೋಳ ಕೈಗೆ ಹತ್ತುತ್ತದೆ, ಗೋಣಿಚೀಲ ಅಟ್ಟದಲ್ಲೇ ಉಳಿಯುತ್ತದೆ.

ದ್ವೀಪಕ್ಕೆ ಹೋಗಿಬನ್ನಿ, ಮಕ್ಕಳನ್ನೂ ಕರೆದೊಯ್ಯಿರಿ, ಮಲ್ಪೆಯ ದೋಣಿಯವರೂ ದುಡಿದು ತಿನ್ನಬೇಕು. ಬಂದ ಮೇಲೆ ಬರೆಯುವುದಾದರೆ ರಜೆ ಎಂದೇ ಬರೆಯಿರಿ, ತಪಸ್ಸು ಎಂದು ಬರೆಯಬೇಡಿ.